ಕುಂಡದ ಮಣ್ಣು

ಮೊದಲ ಬಾರಿ ಮೆಣಸಿನಕಾಯಿ ಸಸಿ ನೆಟ್ಟಾಗ ಮನೆ ಪಕ್ಕದ ಖಾಲಿ ನಿವೇಶನದ ಕೆಮ್ಮಣ್ಣನ್ನೇ ಕುಂಡಕ್ಕೆ ತುಂಬಿದ್ದೆ. ಕೆಲವೇ ದಿನಗಳಲ್ಲಿ ಅದು ಇಟ್ಟಿಗೆಯಂತೆ ಗಟ್ಟಿಯಾಗಿ, ಎರೆದ ನೀರೆಲ್ಲ ಅಂಚಿನ ಬಿರುಕಿನಿಂದ ನೇರವಾಗಿ ತಟ್ಟೆಗೆ ಇಳಿದುಹೋಗುತ್ತಿತ್ತು, ಬೇರು ಮಾತ್ರ ಒಣಗಿಯೇ ಇರುತ್ತಿತ್ತು. ಈ ಸಲ ಜರಡಿ ಹಿಡಿದ 2 ಪಾಲು ಕೆಮ್ಮಣ್ಣಿಗೆ ತಲಾ 1 ಪಾಲು ಎರೆಗೊಬ್ಬರ ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಜೊತೆಗೊಂದು ಹಿಡಿ ಬೇವಿನ ಹಿಂಡಿ ಬೆರೆಸಿದ್ದೇನೆ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಉಳಿದಿರಬಹುದೆಂದು ಎರಡು ಬಾರಿ ತೊಳೆದು ಹಿಂಡಿದಾಗ ಬಕೆಟ್ಟಿನ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಮೇಲ್ಪದರ ಒಣಗಿದಂತೆ ಕಂಡರೂ, ಬೆರಳನ್ನು ಒಂದು ಗೆಣ್ಣಿನಷ್ಟು ಒಳಗಿಳಿಸಿ ತೇವ ನೋಡಿಯೇ ನೀರು ಹಾಕುತ್ತೇನೆ. ಇಷ್ಟು ವರ್ಷ ಮಣ್ಣಿನ ಮೇಲೆ ಓಡಾಡಿದ್ದರೂ, ಅದನ್ನು ಹಿಸುಕಿದಾಗ ಉಂಡೆಗಟ್ಟುತ್ತದೆಯೇ, ತಟ್ಟಿದಾಗ ಉದುರುತ್ತದೆಯೇ ಎಂದು ಅಂಗೈಯಲ್ಲಿಟ್ಟು ನೋಡಿದ್ದು ಇದೇ ಮೊದಲು.