ಎರಡು ಗೋಲುಗಳ ಭಾನುವಾರ

2010ರ ಜೂನ್ 27, ಭಾನುವಾರ. ದಕ್ಷಿಣ ಆಫ್ರಿಕಾದ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅವತ್ತು ಎರಡು ನಾಕೌಟ್ ಪಂದ್ಯ. ಮೊದಲು ಬ್ಲೂಮ್‌ಫಾಂಟೇನ್‌ನಲ್ಲಿ ಜರ್ಮನಿ–ಇಂಗ್ಲೆಂಡ್. ಆಮೇಲೆ ಜೋಹಾನ್ಸ್‌ಬರ್ಗ್‌ನ ಸಾಕರ್ ಸಿಟಿಯಲ್ಲಿ ಅರ್ಜೆಂಟೀನಾ–ಮೆಕ್ಸಿಕೊ. ಎರಡನ್ನೂ ನಾವು ಒಂದೇ ರೂಮಿನಲ್ಲಿ, ಒಂದೇ ಟಿವಿ ಮುಂದೆ ಕೂತು ನೋಡಿದೆವು.

ನಮ್ಮಲ್ಲಿ ಒಬ್ಬ ಇಂಗ್ಲೆಂಡ್ ಅಂದ್ರೆ ಪ್ರಾಣ ಬಿಡುವವನು. ಇನ್ನೊಬ್ಬ ಜರ್ಮನಿ ಕಡೆ. ನಾನು ಚಿಕ್ಕಂದಿನಿಂದ ಅರ್ಜೆಂಟೀನಾ. ನಮ್ಮ ಜೊತೆ ಹಿರಿಯರೊಬ್ಬರು ಇದ್ದರು. ಕಾಲೇಜು ಟೂರ್ನಿಗಳಲ್ಲಿ ಬಹಳ ವರ್ಷ ಸೀಟಿ ಊದಿದವರು. ನಾವೆಲ್ಲ ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆವು. ಅವರಿಗೆ ಅಂತ ಯಾವ ಟೀಮೂ ಇರಲಿಲ್ಲ. ಪಂದ್ಯ ನೋಡುವಾಗ ಅವರ ಗಮನ ಚೆಂಡಿಗಿಂತ ರೆಫರಿ ಮೇಲೆ ಜಾಸ್ತಿ.

ಪಂದ್ಯ ಶುರುವಾಗಿ 20ನೇ ನಿಮಿಷ. ಜರ್ಮನಿಯ ಗೋಲಿ ನೊಯರ್ ಒದ್ದ ಗೋಲ್ ಕಿಕ್ ಇಂಗ್ಲೆಂಡಿನ ಅರ್ಧ ಭಾಗದೊಳಕ್ಕೆ ಬಂದು ಬಿತ್ತು. ಇಂಗ್ಲೆಂಡಿನ ಡಿಫೆಂಡರ್ ಟೆರ್ರಿ ಎಲ್ಲೋ ಮುಂದೆ ಇದ್ದ, ಇನ್ನೊಬ್ಬ ಡಿಫೆಂಡರ್ ಅಪ್ಸನ್ ಹಿಂದೆ ಓಡಿದ. ಅಷ್ಟರಲ್ಲಿ ಜರ್ಮನಿಯ ಕ್ಲೋಸ ಅವನನ್ನು ಸರಿಸಿಕೊಂಡು ಚೆಂಡಿಗೆ ಕಾಲು ತಾಗಿಸಿ ಗೋಲು ಹೊಡೆದೇಬಿಟ್ಟ. ಗೋಲ್ ಕಿಕ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ (ಚೆಂಡು ತನ್ನವರ ಕಾಲು ಬಿಟ್ಟಾಗ ಎದುರಾಳಿಯ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಗೋಲಿಗೆ ಹತ್ತಿರ ಇರುವ ತಪ್ಪು) ಇಲ್ಲ. ಆಡುವ ಹುಡುಗರಿಗೆಲ್ಲ ಗೊತ್ತಿರುವ ವಿಷಯ ಇದು. ವಿಶ್ವಕಪ್ ಆಡುವ ಡಿಫೆಂಡರ್‌ಗಳು ಆ ಒಂದು ಒದೆತಕ್ಕೆ ಹಾಗೆ ಚದುರಿಹೋಗಿದ್ದು ನೋಡಿ ನಮ್ಮ ಇಂಗ್ಲೆಂಡ್ ಗೆಳೆಯ ತಲೆ ಮೇಲೆ ಕೈ ಹೊತ್ತ. 32ನೇ ನಿಮಿಷಕ್ಕೆ ಪೊಡೊಲ್ಸ್ಕಿ ಎರಡನೆಯದು ಹೊಡೆದ. 37ರಲ್ಲಿ ಅಪ್ಸನ್ ತಲೆಯಿಂದ ಒಂದು ವಾಪಸ್ ಕೊಟ್ಟ. 2-1.

ಮರುನಿಮಿಷವೇ ಆ ಶಾಟ್. ಪೆನಾಲ್ಟಿ ಬಾಕ್ಸ್ ಅಂಚಿನಿಂದ ಇಂಗ್ಲೆಂಡಿನ ಲ್ಯಾಂಪಾರ್ಡ್ ಎತ್ತಿ ಹೊಡೆದ. ನೊಯರ್ ತಲೆ ಮೇಲಿಂದ ಹೋದ ಚೆಂಡು ಕ್ರಾಸ್‌ಬಾರ್‌ನ ತಳಕ್ಕೆ ಬಡಿದು ಕೆಳಗೆ ಬಿತ್ತು. ಗೆರೆಯಿಂದ ಒಳಗೆ ಬಿತ್ತು. ಕೂದಲೆಳೆಯ ಅಂತರವೇನೂ ಅಲ್ಲ. ರಿಪ್ಲೇಯಲ್ಲಿ ಗೆರೆಗೂ ಚೆಂಡಿಗೂ ನಡುವೆ ಹುಲ್ಲು ಕಾಣುತ್ತಿತ್ತು. ಬಿದ್ದ ಚೆಂಡು ಗಿರ್ರನೆ ಸುತ್ತುತ್ತಾ ಹೊರಕ್ಕೆ ಪುಟಿಯಿತು. ನೊಯರ್ ಅದನ್ನು ಹಿಡಿದವನೇ ಏನೂ ಆಗಿಲ್ಲ ಅನ್ನುವಂತೆ ಆಟ ಮುಂದುವರಿಸಿದ. ಚೆಂಡು ಒಳಗೆ ಹೋಗಿದ್ದು ತನಗೆ ಗೊತ್ತಿತ್ತು, ಬೇಗ ಆಟ ಶುರು ಮಾಡಿದ್ದರಿಂದಲೇ ರೆಫರಿ ನಂಬಿರಬೇಕು ಅಂತ ಆಮೇಲೆ ಅವನೇ ಹೇಳಿದ. ಉರುಗ್ವೆಯ ರೆಫರಿ ಲಾರಿಯೊಂಡಾ ಸೀಟಿ ಊದಲಿಲ್ಲ. ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ.

ನಮ್ಮ ಗೆಳೆಯ ಗೋಲು ಅಂತ ಎದ್ದು ಕುಣಿದವನು ನಿಂತಲ್ಲೇ ನಿಂತುಬಿಟ್ಟ.

ಜರ್ಮನಿಯವನು ಮೊದಲು ಹೇಳಿದ್ದು 1966ರ ಕಥೆ. ವೆಂಬ್ಲಿಯ ಫೈನಲ್. ಇಂಗ್ಲೆಂಡಿನ ಹರ್ಸ್ಟ್ ಹೊಡೆದದ್ದೂ ಹೀಗೇ ಬಾರ್‌ಗೆ ಬಡಿದು ಕೆಳಗೆ ಬಿದ್ದಿತ್ತು. ಸ್ವಿಸ್ ರೆಫರಿ ಡೀನ್ಸ್ಟ್, ಲೈನ್ಸ್‌ಮನ್ ಬಖ್ರಾಮೊವ್ ಅವರನ್ನು ಕೇಳಿ ಗೋಲು ಕೊಟ್ಟರು. ಚೆಂಡು ಪೂರ್ತಿ ಗೆರೆ ದಾಟಿತ್ತಾ ಅನ್ನುವ ವಾದ ಇವತ್ತಿಗೂ ನಿಂತಿಲ್ಲ. "ಅವತ್ತು ನಿಮಗೆ ಸಿಕ್ಕಿತ್ತು, ಇವತ್ತು ನಮಗೆ. ಲೆಕ್ಕ ಚುಕ್ತಾ" ಅಂದ.

ನನಗೆ ಈ ಲೆಕ್ಕ ಅವತ್ತೂ ಒಪ್ಪಿಗೆ ಆಗಲಿಲ್ಲ, ಇವತ್ತೂ ಇಲ್ಲ. ಲ್ಯಾಂಪಾರ್ಡ್ ಹುಟ್ಟಿದ್ದೇ 1978ರಲ್ಲಿ. ಅವನು ಹುಟ್ಟುವ ಮೊದಲಿನ ಪಂದ್ಯಕ್ಕೆ ಅವನ ಗೋಲು ಯಾಕೆ ದಂಡ ಕಟ್ಟಬೇಕು? ಒಂದು ತಪ್ಪಿಗೆ ಇನ್ನೊಂದು ತಪ್ಪು ಸೇರಿದರೆ ಆಗುವುದು ಎರಡು ತಪ್ಪು ಅಷ್ಟೇ. ಆದರೂ ಈ ಮಾತನ್ನು ಅಭಿಮಾನಿಗಳು ಬಿಡುವುದೇ ಇಲ್ಲ. 1986ರಲ್ಲಿ ಇಂಗ್ಲೆಂಡ್ ಎದುರು ಅರ್ಜೆಂಟೀನಾದ ಮರಡೋನಾ ಕೈಯಿಂದ ಹಾಕಿದ ಗೋಲು, 2002ರಲ್ಲಿ ಕೊರಿಯಾ ಎದುರು ಸ್ಪೇನ್ ಕಳೆದುಕೊಂಡ ಗೋಲು, 2009ರಲ್ಲಿ ಐರ್ಲೆಂಡ್ ಎದುರು ಫ್ರಾನ್ಸ್‌ನ ಹೆನ್ರಿ ಚೆಂಡಿಗೆ ಕೈ ತಾಗಿಸಿದ್ದು, ಹೀಗೆ ಒಂದಕ್ಕೆ ಇನ್ನೊಂದನ್ನು ತಂದು ಎದುರು ನಿಲ್ಲಿಸುತ್ತಾರೆ. ಎದುರಿಗೆ ನೊಂದು ಕೂತವನಿಗೆ ಅದರಿಂದ ಏನು ಸಿಗುತ್ತೆ?

ಹಾಫ್‌ಟೈಮ್‌ನಲ್ಲಿ ಸರ್ ಬಾಯಿ ಬಿಟ್ಟರು. ಎದ್ದು ನಿಂತು, ನೆಲದ ಟೈಲ್ಸ್ ಗೆರೆಯನ್ನೇ ಗೋಲುಗೆರೆ ಅಂತ ತೋರಿಸಿದರು. "ನೋಡಿ, ಲೈನ್ಸ್‌ಮನ್ ಕೆಲಸ ಆಫ್‌ಸೈಡ್ ನೋಡೋದು. ಅದಕ್ಕೆ ಅವನು ಕೊನೆಯಿಂದ ಎರಡನೇ ಡಿಫೆಂಡರ್ ಸಾಲಿಗೆ ನಿಂತಿರಬೇಕು, ಅಂದ್ರೆ ಇಲ್ಲಿ." ಗೆರೆಯಿಂದ ಒಂದಷ್ಟು ಹೆಜ್ಜೆ ಹಿಂದೆ ಬಂದು ನಿಂತರು. "ಈಗ ಇಲ್ಲಿಂದ ಆ ಗೆರೆ ನೋಡಿ. ಓರೆಯಾಗಿ ಕಾಣುತ್ತೆ. ನಡುವೆ ಗೋಲ್‌ಪೋಸ್ಟ್ ಬರುತ್ತೆ, ಗೋಲಿ ಬರ್ತಾನೆ. ಸರಿಯಾಗಿ ನೋಡ್ಬೇಕು ಅಂದ್ರೆ ಗೆರೆ ತನಕ ಓಡ್ಬೇಕು. ಚೆಂಡಿನ ಸ್ಪೀಡಿಗೆ ಯಾವ ಮನುಷ್ಯ ಓಡ್ತಾನಪ್ಪಾ?"

"ಹಾಗಾದ್ರೆ ಬಿಟ್ಟುಬಿಡ್ಬೇಕಾ ಸರ್?" ಇಂಗ್ಲೆಂಡಿನವನ ದನಿ ನಡುಗುತ್ತಿತ್ತು.

"ಬಿಡು ಅಂತ ಎಲ್ಲಿ ಹೇಳ್ದೆ? ಅವನ ಕಣ್ಣಿಗೆ ಆಗದ ಕೆಲಸ ಅವನಿಗೆ ಕೊಟ್ಟಿದ್ದಾರಲ್ಲ, ಅವರನ್ನ ಕೇಳು."

ಈ ಮಾತು ನನ್ನ ಮನಸ್ಸಿಗೆ ನಾಟಿತು. ಯಾಕೆಂದರೆ ಅದೇ ವರ್ಷ ಮಾರ್ಚ್‌ನಲ್ಲಿ ಆಟದ ನಿಯಮ ಬರೆಯುವ ಮಂಡಳಿಯಾದ ಐಫ್ಯಾಬ್, ಚೆಂಡು ಗೆರೆ ದಾಟಿತಾ ಅಂತ ಯಂತ್ರವೇ ಹೇಳುವ ಗೋಲುಗೆರೆ ತಂತ್ರಜ್ಞಾನ ಬೇಡ ಅಂತ ತಳ್ಳಿಹಾಕಿತ್ತು. ಕೋಟ್ಯಂತರ ಜನ ರಿಪ್ಲೇಯಲ್ಲಿ ನೋಡಿದ್ದನ್ನು ತೀರ್ಪು ಕೊಡುವ ಮನುಷ್ಯನೊಬ್ಬ ಮಾತ್ರ ನೋಡುವ ಹಾಗಿಲ್ಲ. ಇದು ರೆಫರಿಗೂ ಮಾಡಿದ ಅನ್ಯಾಯವೇ.

ಎರಡನೇ ಅರ್ಧದಲ್ಲಿ ಲ್ಯಾಂಪಾರ್ಡ್‌ನ ಫ್ರೀಕಿಕ್ ಒಂದು ಮತ್ತೆ ಬಾರ್‌ಗೆ ಬಡಿಯಿತು. ಸಮ ಮಾಡಲೇಬೇಕು ಅಂತ ಇಂಗ್ಲೆಂಡ್ ಮುಂದೆ ಮುಂದೆ ನುಗ್ಗಿತು, ಹಿಂದೆ ಮೈದಾನ ಖಾಲಿ ಬಿತ್ತು. 67 ಮತ್ತು 70ನೇ ನಿಮಿಷ, ಎರಡು ಕೌಂಟರ್ ಅಟ್ಯಾಕ್, ಎರಡೂ ಗೋಲು ಜರ್ಮನಿಯ ಮ್ಯೂಲರ್‌ನದು. ನಾಲ್ಕನೆಯದಕ್ಕೆ ಓಜಿಲ್ ಎಡಗಡೆ ಓಡಿದ ಓಟಕ್ಕೆ ಬ್ಯಾರಿ ಸಾಟಿಯೇ ಆಗಲಿಲ್ಲ. 4-1.

ಆಮೇಲೆ ಶುರುವಾಯಿತು ನಿಜವಾದ ಚರ್ಚೆ. ಜರ್ಮನಿಯವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಮೆರಿಕ ಎದುರು 1-1, ಅಲ್ಜೀರಿಯಾ ಎದುರು 0-0, ಸ್ಲೊವೇನಿಯಾ ಎದುರು ಹೇಗೋ 1-0. ಇಂಗ್ಲೆಂಡ್ ಆ ವಿಶ್ವಕಪ್‌ನಲ್ಲಿ ಆಡಿದ್ದೇ ಅಷ್ಟು. ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ಓಜಿಲ್ ಆರಾಮಾಗಿ ಓಡಾಡಿಕೊಂಡಿದ್ದ, ಅವನನ್ನು ತಡೆಯುವವರೇ ಇರಲಿಲ್ಲ. "ನಾಲ್ಕು ಗೋಲು ರೆಫರಿ ಹೊಡೆದನಾ?" ಅಂತ ಕೇಳಿದ.

ಇಂಗ್ಲೆಂಡಿನವನ ಉತ್ತರದಲ್ಲೂ ಸುಳ್ಳಿರಲಿಲ್ಲ. "2-2 ಆಗಿದ್ರೆ ನಾವು ಹಾಗೆ ಹಿಂದೆ ಖಾಲಿ ಬಿಟ್ಟು ಓಡ್ತಾನೇ ಇರ್ಲಿಲ್ಲ. ಆ ಎರಡು ಕೌಂಟರ್ ಎಲ್ಲಿಂದ ಬರ್ತಿತ್ತು ಹೇಳು?"

ಯಾರೂ ಹೇಳುವ ಹಾಗಿಲ್ಲ. ಒಂದು ತಪ್ಪು ತೀರ್ಪು ಮಾಡುವ ದೊಡ್ಡ ಹಾನಿ ಇದೇ ಅಂತ ನನಗೆ ಅನಿಸಿದ್ದು ಅವತ್ತೇ. ಗೋಲು ಹೋಯಿತು, ಸರಿ. ಅದರ ಜೊತೆಗೆ ಸೋತವನು ತನ್ನ ಸೋಲನ್ನು ನೆಟ್ಟಗೆ ನೋಡುವ ಅವಕಾಶವೂ ಹೋಯಿತು. ಟೀಮ್ ಕೆಟ್ಟದಾಗಿ ಆಡಿದ್ದು ನಿಜ, ಗೋಲು ಕಳೆದುಕೊಂಡಿದ್ದೂ ನಿಜ. ಆದರೆ ಎರಡನೆಯದನ್ನು ಹೇಳಿದ ಕೂಡಲೇ ನೆಪ ಹೇಳ್ತಿದ್ದೀಯಾ ಅಂತಾರೆ. ಮೊದಲನೆಯದನ್ನು ಒಪ್ಪಿಕೊಂಡರೆ ಮೋಸಕ್ಕೂ ಸೈ ಅಂದ ಹಾಗೆ ಆಗುತ್ತೆ. ಗೆದ್ದವನಿಗೂ ನಷ್ಟವೇ. ಅವತ್ತು ಜರ್ಮನಿ ಆಡಿದ ಚಂದದ ಆಟದ ಬಗ್ಗೆ ನಮ್ಮ ರೂಮಿನಲ್ಲಿ ಎಷ್ಟು ಹೊತ್ತು ಮಾತಾಯಿತು? ಹತ್ತು ನಿಮಿಷವೂ ಇಲ್ಲ. ಮ್ಯೂಲರ್, ಓಜಿಲ್, ಖೆಡಿರಾ ತರಹದ ಹೊಸ ಹುಡುಗರ ಆ ವೇಗ ಇಡೀ ರಾತ್ರಿ ಮಾತಾಡುವಂಥದ್ದು. ನಾವು ಆ ಗೆರೆಯಲ್ಲೇ ಸಿಕ್ಕಿಕೊಂಡಿದ್ದೆವು.

ಅಷ್ಟರಲ್ಲಿ ನನ್ನ ಪಂದ್ಯ ಶುರುವಾಯಿತು. 26ನೇ ನಿಮಿಷ. ಟೆವೆಸ್ ನುಗ್ಗಿದ, ಮೆಕ್ಸಿಕೊ ಗೋಲಿ ಪೆರೆಸ್ ಮುಂದೆ ಬಂದು ತಡೆದ, ಚೆಂಡು ಮೆಸ್ಸಿ ಕಾಲಿಗೆ ಸಿಕ್ಕಿತು. ಮೆಸ್ಸಿ ಎತ್ತಿ ಕೊಟ್ಟಿದ್ದನ್ನು ಟೆವೆಸ್ ತಲೆಯಿಂದ ಒಳಗೆ ಹಾಕಿದ. ಚೆಂಡು ಮೆಸ್ಸಿ ಕಾಲು ಬಿಟ್ಟಾಗ ಟೆವೆಸ್ ಎಲ್ಲ ಡಿಫೆಂಡರ್‌ಗಳಿಗಿಂತ ಮುಂದಿದ್ದ. ರಿಪ್ಲೇ ಕೂಡ ಬೇಕಿರಲಿಲ್ಲ.

ಆದರೆ ರಿಪ್ಲೇ ಬಂತು. ನಮ್ಮ ಟಿವಿಯಲ್ಲಿ ಅಷ್ಟೇ ಅಲ್ಲ, ಸ್ಟೇಡಿಯಂನ ದೊಡ್ಡ ಪರದೆ ಮೇಲೂ ಬಂತು. ಮೆಕ್ಸಿಕೊ ಆಟಗಾರರು ಅದನ್ನು ನೋಡಿ ಓಡಿಬಂದರು, ಪರದೆ ತೋರಿಸಿದರು, ಲೈನ್ಸ್‌ಮನ್‌ನನ್ನು ಸುತ್ತುವರಿದರು. ಇಟಲಿಯ ರೆಫರಿ ರೊಸೆಟ್ಟಿ ಹೋಗಿ ತನ್ನ ಲೈನ್ಸ್‌ಮನ್ ಜೊತೆ ಮಾತಾಡಿದ. ಕ್ಯಾಮೆರಾ ಇಬ್ಬರ ಮುಖದ ಮೇಲೆ. ಸರ್ ಕುರ್ಚಿ ತುದಿಗೆ ಬಂದು ಕೂತಿದ್ದರು. "ಈಗ ಇಬ್ಬರಿಗೂ ಗೊತ್ತಾಗಿದೆ. ಆದ್ರೆ ಏನೂ ಮಾಡೋ ಹಾಗಿಲ್ಲ" ಅಂದರು. ಪರದೆ ನೋಡಿ ತೀರ್ಪು ಬದಲಿಸಲು ನಿಯಮ ಬಿಡುತ್ತಿರಲಿಲ್ಲ. ಗೋಲು ಉಳಿಯಿತು.

ಇಂಗ್ಲೆಂಡಿನವನು ನನ್ನ ಕಡೆ ತಿರುಗಿದ. "ಈಗ ನೀನು ಹೇಳೋ."

"ಆಫ್‌ಸೈಡ್. ಗೋಲಲ್ಲ" ಅಂದೆ. ಹೇಳಲು ಕಷ್ಟವೇನೂ ಆಗಲಿಲ್ಲ. ಕಷ್ಟವಾಗಿದ್ದು ಆಮೇಲೆ ಪಂದ್ಯ ನೋಡಲು. 33ರಲ್ಲಿ ಮೆಕ್ಸಿಕೊ ಡಿಫೆಂಡರ್ ಒಸೊರಿಯೊ ಚೆಂಡನ್ನು ನೇರ ಇಗ್ವೈನ್ ಕಾಲಿಗೆ ಬಿಟ್ಟುಕೊಟ್ಟ, ಎರಡನೇ ಗೋಲಾಯಿತು. ತಲೆ ಕೆಟ್ಟಿರುವ ಟೀಮ್ ಮಾಡುವ ತಪ್ಪು ಅದು. 52ರಲ್ಲಿ ಟೆವೆಸ್ ದೂರದಿಂದ ಹೊಡೆದ ಶಾಟ್ ಇದೆಯಲ್ಲ, ಆ ವಿಶ್ವಕಪ್‌ನ ಅತಿ ಚಂದದ ಗೋಲುಗಳಲ್ಲಿ ಒಂದು. ಅದಕ್ಕೂ ಮನಸಾರೆ ಕೂಗಲು ಆಗಲಿಲ್ಲ. ಹೆರ್ನಾಂಡೆಸ್ ಒಂದು ವಾಪಸ್ ಹೊಡೆದು 3-1ಕ್ಕೆ ಮುಗಿಯಿತು. ಗೆದ್ದ ರಾತ್ರಿ ಅಷ್ಟು ಸಪ್ಪೆಯಾಗಿ ನಾನು ಯಾವತ್ತೂ ಮಲಗಿದ್ದಿಲ್ಲ.

ಎರಡು ದಿನದ ನಂತರ ಫಿಫಾ ಅಧ್ಯಕ್ಷ ಬ್ಲಾಟರ್ ಇಂಗ್ಲೆಂಡ್ ಮತ್ತು ಮೆಕ್ಸಿಕೊ ಎರಡರ ಕ್ಷಮೆ ಕೇಳಿದರು. ಉಳಿದ ಪಂದ್ಯಗಳ ರೆಫರಿ ಪಟ್ಟಿಯಲ್ಲಿ ಲಾರಿಯೊಂಡಾ, ರೊಸೆಟ್ಟಿ ಇಬ್ಬರ ಹೆಸರೂ ಇರಲಿಲ್ಲ.

ಜುಲೈ 3ಕ್ಕೆ ಕೇಪ್‌ಟೌನ್‌ನಲ್ಲಿ ಅದೇ ಜರ್ಮನಿ ನಮ್ಮನ್ನು 4-0 ಬಡಿಯಿತು. ಮೂರನೇ ನಿಮಿಷಕ್ಕೇ ಮ್ಯೂಲರ್ ಹೆಡರ್, ಆಮೇಲೆ ಕ್ಲೋಸ ಎರಡು, ಫ್ರೀಡ್ರಿಶ್ ಒಂದು. ರೆಫರಿಯನ್ನು ಬೈಯಲು ಏನೇನೂ ಇರಲಿಲ್ಲ. ತುಂಬಾ ನೋವಾಯಿತು, ಆದರೆ ಅವತ್ತಿನ ಮಾತುಕತೆಯೇ ಬೇರೆ. ಮಸ್ಕೆರಾನೊ ಒಬ್ಬನನ್ನೇ ಮಿಡ್‌ಫೀಲ್ಡ್ ಕಾಯಲು ಬಿಟ್ಟಿದ್ದು, ಮೆಸ್ಸಿ ಚೆಂಡಿಗಾಗಿ ಹಿಂದೆ ಹಿಂದೆ ಬರಬೇಕಾಗಿದ್ದು, ಕೋಚ್ ಮರಡೋನಾ ಎಲ್ಲೆಲ್ಲಿ ಎಡವಿದರು, ಎಲ್ಲವನ್ನೂ ಬಿಚ್ಚಿ ಬಿಚ್ಚಿ ಮಾತಾಡಿದೆವು. ಜರ್ಮನಿಯವನನ್ನು ನಾನೇ ಅಪ್ಪಿಕೊಂಡು ಶಭಾಷ್ ಅಂದೆ. ಇಂಗ್ಲೆಂಡಿನವನಿಗೆ ಆ ಭಾಗ್ಯ ಸಿಕ್ಕಿರಲಿಲ್ಲ. ಹಿಂದಿನ ಭಾನುವಾರ ಅವನು ಬೇರೆ ಯಾರಿಗೋ ಶಭಾಷ್ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

2012ರ ಯುರೋ ಕಪ್‌ನಲ್ಲಿ ಉಲ್ಟಾ ಆಯಿತು. ಆತಿಥೇಯ ಉಕ್ರೇನ್‌ನ ಡೆವಿಚ್ ಹೊಡೆದ ಚೆಂಡು ಗೆರೆ ದಾಟಿದ ಮೇಲೆ ಇಂಗ್ಲೆಂಡಿನ ಟೆರ್ರಿ ಅದನ್ನು ಹೊರಗೆ ಒದ್ದ. ಗೋಲಿನ ಪಕ್ಕದಲ್ಲೇ ಇದಕ್ಕಾಗಿ ನಿಲ್ಲಿಸಿದ್ದ ಅಧಿಕಾರಿಗೂ ಅದು ಕಾಣಲಿಲ್ಲ. (ಅದಕ್ಕೂ ಮೊದಲು ಉಕ್ರೇನ್ ಆಟಗಾರನೊಬ್ಬ ಆಫ್‌ಸೈಡ್ ಇದ್ದ, ಅದೂ ಕಾಣಲಿಲ್ಲ.) ಜುಲೈ 5ಕ್ಕೆ ಐಫ್ಯಾಬ್ ಗೋಲುಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಕೊಟ್ಟಿತು. 2014ರ ವಿಶ್ವಕಪ್‌ನಿಂದ ಚೆಂಡು ಗೆರೆ ದಾಟಿದ ಕೂಡಲೇ ರೆಫರಿ ಕೈಗಡಿಯಾರಕ್ಕೆ ಸಂದೇಶ ಬರತೊಡಗಿತು. ಗೆರೆಯ ಜಗಳ ಅಲ್ಲಿಗೆ ಮುಗಿಯಿತು ಅಂತಲೇ ಹೇಳಬಹುದು. 2018ರ ವಿಶ್ವಕಪ್‌ಗೆ ವಿಎಆರ್, ಅಂದ್ರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಬಂತು. ಆ ರೊಸೆಟ್ಟಿ ಅವರೇ ಮುಂದೆ ಇಟಲಿಯಲ್ಲಿ ವಿಎಆರ್ ತರುವ ಕೆಲಸದ ಮುಂದಾಳತ್ವ ವಹಿಸಿದರು, ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾದ ರೆಫರಿಗಳ ಮುಖ್ಯಸ್ಥರಾದರು. ಸಾಕರ್ ಸಿಟಿಯ ಆ ಪರದೆ ಕೆಳಗೆ ನಿಂತವರಿಗಿಂತ ಚೆನ್ನಾಗಿ ಇದರ ಬೆಲೆ ಇನ್ಯಾರಿಗೆ ಗೊತ್ತಿರುತ್ತೆ?

ಆದರೂ ವಾದ ಮುಗಿದಿಲ್ಲ. ಕ್ಯಾಮೆರಾ ಚೆಂಡು ಎಲ್ಲಿದೆ ಅಂತ ಹೇಳುತ್ತೆ. ಕೈ ಇರಬಾರದ ಜಾಗದಲ್ಲಿ ಇತ್ತಾ ಅಂತ ಹೇಳಬೇಕಾದವನು ಮನುಷ್ಯನೇ. 2024ರ ಯುರೋ ಕ್ವಾರ್ಟರ್ ಫೈನಲ್‌ನಲ್ಲಿ 1-1 ಇದ್ದಾಗ ಜರ್ಮನಿಯ ಮುಸಿಯಾಲ ಹೊಡೆದ ಶಾಟ್ ಸ್ಪೇನ್‌ನ ಕುಕುರೆಯಾ ಕೈಗೆ ಬಡಿಯಿತು. ಪೆನಾಲ್ಟಿ ಸಿಗಲಿಲ್ಲ. 119ನೇ ನಿಮಿಷಕ್ಕೆ ಮೆರಿನೊ ಹೆಡರ್, ಜರ್ಮನಿ ತನ್ನ ನೆಲದಲ್ಲೇ ಹೊರಗೆ. ಅದು ಪೆನಾಲ್ಟಿ ಆಗಬೇಕಿತ್ತು ಅಂತ ಯುಎಫಾದ ಸಮಿತಿಯೇ ತಿಂಗಳುಗಳ ನಂತರ ಹೇಳಿತು. ಪಂದ್ಯ ಮುಗಿದ ರಾತ್ರಿ ನಮ್ಮ ಜರ್ಮನಿ ಗೆಳೆಯನಿಗೆ ಮೊದಲು ಫೋನ್ ಮಾಡಿದ್ದು ಇಂಗ್ಲೆಂಡಿನವನು. "ನಿಂದು ಪೆನಾಲ್ಟಿನೇ ಕಣೋ, ನಾನು ನೋಡ್ದೆ" ಅಂದನಂತೆ. 1966, 2010 ಯಾವುದನ್ನೂ ಎತ್ತಲಿಲ್ಲವಂತೆ.

ಈಗ ನಮ್ಮ ನಡುವೆ ಉಳಿದಿರುವ ವಾದ ಇನ್ನೊಂದು. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ವಿಎಆರ್ ನೋಡಿ ಬಂದ ಮೇಲೆ ಮೈಕ್‌ನಲ್ಲಿ ತೀರ್ಪನ್ನು ಇಡೀ ಸ್ಟೇಡಿಯಂಗೆ ಕೇಳುವಂತೆ ಹೇಳಿದರು. ಅಷ್ಟು ಸಾಲದು, ರಗ್ಬಿಯಲ್ಲಿ ರೆಫರಿ ಮತ್ತು ವಿಡಿಯೊ ಅಧಿಕಾರಿ ಮಾತಾಡಿಕೊಳ್ಳುವುದು ಟಿವಿಯಲ್ಲಿ ಕೇಳಿಸುವ ಹಾಗೆ ಇಲ್ಲಿಯೂ ಆಗಲಿ ಅಂತ ನಾನು ಮತ್ತು ಇಂಗ್ಲೆಂಡಿನವನು. ಹಾಗೆ ಮಾಡಿದರೆ ರೆಫರಿ ಜನರಿಗೆ ಹೆದರಿಕೊಂಡು ಮಾತಾಡುತ್ತಾನೆ ಅಂತ ಜರ್ಮನಿಯವನು. ಸರ್ ಇನ್ನೂ ಯಾರ ಪಕ್ಷವನ್ನೂ ಹಿಡಿದಿಲ್ಲ. ಮುಂದಿನ ಸಲ ಎಲ್ಲರೂ ಸೇರಿದಾಗ ಅವರ ಬಾಯಿಂದಲೇ ಕೇಳಬೇಕು.