ಡೈನಾಕೋ ಸ್ಟೀರಿಯೊ 70: ಎಡ ಚಾನೆಲ್‌ನ ಬಯಾಸ್ ಕೊನೆಗೂ ಸ್ಥಿರವಾಯಿತು

ಡೈನಾಕೋ ಸ್ಟೀರಿಯೊ 70 ಎಂಬ ಟ್ಯೂಬ್ ಆಂಪ್ಲಿಫೈಯರ್‌ನಲ್ಲಿ 1.25 ವೋಲ್ಟ್‌ಗೆ ಇಟ್ಟ ಬಯಾಸ್ (ಹಾಡಿಲ್ಲದಾಗಲೂ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ) ಈಗ ಗಂಟೆಗಟ್ಟಲೆ ಹಾಡಿಸಿದರೂ ಅಲ್ಲಾಡುತ್ತಿಲ್ಲ. ಮೊದಲು ಆಂಪ್ ಬಿಸಿಯಾದ ಹಾಗೆಲ್ಲ ಎಡ ಚಾನೆಲ್ ಮಾತ್ರ ಮೆಲ್ಲಗೆ ಏರಿ 1.56 ಮುಟ್ಟುತ್ತಿತ್ತು.

ಅಪಾಯ ಇದ್ದದ್ದು ಅಲ್ಲೇ. 1.56 ಮ್ಯಾನ್ಯುವಲ್ ಕೊಡುವ ಅಂಕಿ, ನೋಡಿದವರಿಗೆ ಎಲ್ಲ ಸರಿ ಅನ್ನಿಸುತ್ತದೆ. ಆದರೆ 1959ರ ಈ ವಿನ್ಯಾಸದಲ್ಲಿ ಒಂದು ಚಾನೆಲ್‌ನ ಎರಡೂ ಇಎಲ್34 ಔಟ್‌ಪುಟ್ ಟ್ಯೂಬ್‌ಗಳಿಗೆ ಸೇರಿ ಒಂದೇ 15.6 ಓಮ್ ಕ್ಯಾಥೋಡ್ ರೆಸಿಸ್ಟರ್. 1.56 ವೋಲ್ಟ್ ಎಂದರೆ ಒಟ್ಟು 100 ಮಿಲಿಆಂಪ್. ಅದು 50-50 ಹಂಚಿಕೆಯೋ 60-40 ಹಂಚಿಕೆಯೋ ಮೀಟರಿಗೆ ಗೊತ್ತಾಗುವುದಿಲ್ಲ. 430 ವೋಲ್ಟ್ ಬಿ-ಪ್ಲಸ್‌ನಲ್ಲಿ (ಟ್ಯೂಬಿಗೆ ಹೋಗುವ ಮುಖ್ಯ ಡಿಸಿ ವೋಲ್ಟೇಜ್) ಒಂದೇ ಟ್ಯೂಬಿನಲ್ಲಿ 60 ಮಿಲಿಆಂಪ್ ಹರಿದರೆ, ಸ್ಕ್ರೀನ್ ಕರೆಂಟ್ ಕಳೆದರೂ ಪ್ಲೇಟ್ ತನ್ನ 25 ವ್ಯಾಟ್ ಮಿತಿಯ ಹತ್ತಿರವೇ ಬೇಯುತ್ತಿರುತ್ತದೆ.

ಅನುಮಾನ ಮೊದಲು ಹೋಗುವುದು ಟ್ಯೂಬ್ ಮೇಲೆ. ಎಡ-ಬಲ ಜೋಡಿಗಳನ್ನು ಅದಲುಬದಲು ಮಾಡಿದರೂ ಏರಿಕೆ ಎಡದಲ್ಲೇ ಉಳಿಯಿತು, ಹಾಗಾಗಿ ಟ್ಯೂಬ್ ನಿರಪರಾಧಿ. ಬಯಾಸ್ ಸರಬರಾಜು ಎರಡೂ ಚಾನೆಲ್‌ಗೆ ಒಂದೇ. ಅದರಲ್ಲಿ ಎಸಿಯನ್ನು ಡಿಸಿ ಮಾಡುವ ಸೆಲೆನಿಯಮ್ ರೆಕ್ಟಿಫೈಯರ್ ಸೋತಿದ್ದರೆ ಬಲವೂ ಏರಬೇಕಿತ್ತು. ಉಳಿದದ್ದು 0.1 ಮೈಕ್ರೊಫ್ಯಾರಡ್ ಕಪ್ಲಿಂಗ್ ಕೆಪ್ಯಾಸಿಟರ್, ಅಂದರೆ ಡ್ರೈವರ್ ಟ್ಯೂಬಿನ ಡಿಸಿ ತಡೆದು ಸಂಗೀತದ ಸಂಕೇತವನ್ನಷ್ಟೇ ಇಎಲ್34ಗೆ ದಾಟಿಸುವುದು.

ಪರೀಕ್ಷೆ ಸರಳ, ಆದರೆ ಕೆಪ್ಯಾಸಿಟರ್ ಬಿಸಿಯಿದ್ದಾಗಲೇ ಮಾಡಬೇಕು. ತಣ್ಣಗಿದ್ದಾಗ ಅದು ಸಾಚಾ ಥರ ನಡೆದುಕೊಳ್ಳುತ್ತದೆ. ಆಂಪ್ ಚೆನ್ನಾಗಿ ಕಾದ ಮೇಲೆ ಆಫ್ ಮಾಡಿ, ಆ ಚಾನೆಲ್‌ನ ಎರಡೂ ಇಎಲ್34 ಕಿತ್ತು, ಡ್ರೈವರ್ ಟ್ಯೂಬ್ 7199 ಅಲ್ಲೇ ಬಿಟ್ಟು ಮತ್ತೆ ಆನ್ ಮಾಡಿ. ಬಯಾಸ್ ಪಾಟ್‌ನ (ಬಯಾಸ್ ಹೊಂದಿಸುವ ತಿರುಗು ರೆಸಿಸ್ಟರ್) ಮಧ್ಯದ ಕಾಲಿನಲ್ಲಿ ಮೈನಸ್ 36 ವೋಲ್ಟ್. ಒಂದು ಸಾಕೆಟ್‌ನ 5ನೇ ಪಿನ್‌ನಲ್ಲಿ, ಅಂದರೆ ಗ್ರಿಡ್‌ನಲ್ಲಿ, ಅಷ್ಟೇ, ಇನ್ನೊಂದರಲ್ಲಿ ಮೈನಸ್ 33. ಈ 3 ವೋಲ್ಟನ್ನು 270 ಕಿಲೋ ಓಮ್ ಗ್ರಿಡ್ ರೆಸಿಸ್ಟರಿನಿಂದ ಭಾಗಿಸಿದರೆ ಸುಮಾರು 11 ಮೈಕ್ರೊಆಂಪ್ ಸೋರಿಕೆ. ಇಷ್ಟೇ ಸಾಕು, ಆ ಟ್ಯೂಬ್ 20 ಮಿಲಿಆಂಪ್‌ನಷ್ಟು ಮೇಲಕ್ಕೆ ಹೋಗಲು.

ಎರಡೂ ಚಾನೆಲ್‌ನ ನಾಲ್ಕು ಕಪ್ಲಿಂಗ್ ಕೆಪ್ಯಾಸಿಟರನ್ನೂ 630 ವೋಲ್ಟ್ ಫಿಲ್ಮ್ ಕೆಪ್ಯಾಸಿಟರ್‌ಗೆ ಬದಲಿಸಬೇಕು. ಅಂಗಡಿಯವರು ಕೇಳಿದ್ದು 630 ಎಂದರೂ 250 ವೋಲ್ಟಿನದು ಪೊಟ್ಟಣ ಕಟ್ಟಿ ಕಳಿಸುತ್ತಾರೆ, ಬೆಸೆಯುವ ಮೊದಲು ಮೈಮೇಲಿನ ಬರಹ ಓದಿ. ‘ಮ್ಯಾಚ್ಡ್ ಪೇರ್’ (ಒಂದೇ ಅಳತೆಯ ಟ್ಯೂಬ್ ಜೋಡಿ) ಎಂದು ಹೆಚ್ಚು ದುಡ್ಡು ಕೀಳುವವರು ಯಾವ ಪ್ಲೇಟ್ ವೋಲ್ಟೇಜ್‌ನಲ್ಲಿ ಅಳೆದರೆಂದು ಬರೆಯುವುದೇ ಇಲ್ಲ. ಅದಿಲ್ಲದೆ ಡಬ್ಬದ ಮೇಲಿನ ಅಂಕಿಗೆ ಅರ್ಥವಿಲ್ಲ.

ಅದಕ್ಕೇ 15.6 ಓಮ್ ತೆಗೆದು ಪ್ರತಿ ಕ್ಯಾಥೋಡ್‌ಗೂ ಬೇರೆ 10 ಓಮ್, 1 ಶೇಕಡಾ ರೆಸಿಸ್ಟರ್ ಹಾಕಿದ್ದು. 0.4 ವೋಲ್ಟ್ ಎಂದರೆ 40 ಮಿಲಿಆಂಪ್ (ಎರಡು ಟ್ಯೂಬಿಗೆ 80, ಹಳೆಯ 15.6 ಓಮ್‌ನಲ್ಲಿ ಅದೇ 1.25 ವೋಲ್ಟ್), ಟ್ಯೂಬ್ ಟ್ಯೂಬಿಗೂ ಲೆಕ್ಕ ಸಿಗುತ್ತದೆ. ಆದರೆ ಪಾಟ್ ಚಾನೆಲ್‌ಗೆ ಒಂದೇ ಇರುವವರೆಗೆ ವ್ಯತ್ಯಾಸ ಕಾಣುತ್ತದೆ, ಸರಿಪಡಿಸಲಾಗದು. ಇನ್ನೆರಡು 10 ಕಿಲೋ ಓಮ್ ಪಾಟ್ ಬರಬೇಕು.

ಸೆಲೆನಿಯಮ್ ಜಾಗಕ್ಕೆ 1ಎನ್4007 ಸಿಲಿಕಾನ್ ಡಯೋಡ್ ಹಾಕುವವರು ಗಮನಿಸಿ: ಬಯಾಸ್ ಕೆಲವು ವೋಲ್ಟ್ ಹೆಚ್ಚು ನೆಗೆಟಿವ್ ಆಗುತ್ತದೆ, ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಈ ಸರಬರಾಜು ನೆಗೆಟಿವ್ ಆದ್ದರಿಂದ ಅದರ ಫಿಲ್ಟರ್ ಕೆಪ್ಯಾಸಿಟರ್‌ಗಳ ಪ್ಲಸ್ ಕಾಲು ಗ್ರೌಂಡ್‌ಗೆ.

ಮುಂದಿನದು ಡೈನಾಕೋದ್ದೇ ಮಾರ್ಕ್ 3 ಮೋನೋ ಆಂಪ್ ಜೋಡಿ. ಅಲ್ಲೂ ಅದೇ 1.56 ವೋಲ್ಟ್, ಆದರೆ ರೆಸಿಸ್ಟರ್ 11.2 ಓಮ್, ಹಾಗಾಗಿ ಎರಡು 6550 ಔಟ್‌ಪುಟ್ ಟ್ಯೂಬಿಗೆ ಸುಮಾರು 140 ಮಿಲಿಆಂಪ್. ಕಪ್ಲಿಂಗ್ ಕೆಪ್ಯಾಸಿಟರ್ ಈಗಲೇ ತರಿಸಿಟ್ಟಾಗಿದೆ, 630 ವೋಲ್ಟಿನವೇ.