ಗಾಡ್‌ವಿಟ್ ಮತ್ತು ಆಂಟೆಕೈನಸ್: ಒಂದು ಹೋಲಿಕೆ ಫಲಕ ಬರೆದ ಅನುಭವ

ಬ್ರಿಸ್ಬೇನ್‌ನ ವಸ್ತುಸಂಗ್ರಹಾಲಯವೊಂದಕ್ಕೆ ಫಲಕಗಳ ಬರಹ ಸಿದ್ಧಪಡಿಸುವುದು ನನ್ನ ಕೆಲಸ. ಎರಡು ಸ್ಥಳೀಯ ಜೀವಿಗಳನ್ನು ಹೋಲಿಸುವ ಫಲಕವೊಂದು ಒಮ್ಮೆ ನನ್ನ ಪಾಲಿಗೆ ಬಂತು. ಒಂದು, ಮೋರ್ಟನ್ ಕೊಲ್ಲಿಯ ಕೆಸರಿಗೆ ಉದ್ದ ಕೊಕ್ಕು ಇಳಿಸಿ ಹುಳು ಹೆಕ್ಕುವ ಪಟ್ಟೆಬಾಲದ ಗಾಡ್‌ವಿಟ್. ಇನ್ನೊಂದು, ತರಗೆಲೆಗಳ ನಡುವೆ ಕೀಟ, ಜೇಡಗಳನ್ನು ಬೇಟೆಯಾಡುವ ಆಂಟೆಕೈನಸ್. ಇದು ನೋಡಲು ಇಲಿಯಂತಿದ್ದರೂ ಕಾಂಗರೂ ಸೇರಿರುವ ಮಾರ್ಸೂಪಿಯಲ್ ಗುಂಪಿನದು.

ತೂಕ, ಆಹಾರ, ವಾಸಸ್ಥಾನ ಎಂದು ಎರಡು ಕಾಲಂ ತುಂಬಿಸಿ ಕೊಟ್ಟೆ. "ಎರಡು ಪರಿಚಯಪತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದೀರಿ, ಹೋಲಿಕೆ ಎಲ್ಲಿದೆ?" ಎಂದು ಕೇಳಿದರು ನಮ್ಮ ಜೀವಶಾಸ್ತ್ರಜ್ಞೆ. ಎರಡಕ್ಕೂ ಸಲ್ಲುವ ಒಂದೇ ಪ್ರಶ್ನೆ ಬೇಕಿತ್ತು. ಸಂತಾನಕ್ಕಾಗಿ ಈ ಜೀವಿಗಳು ತಮ್ಮ ದೇಹವನ್ನೇ ಹೇಗೆ ಖರ್ಚು ಮಾಡುತ್ತವೆ ಎಂಬುದು ಹಲವು ದಿನಗಳ ಓದಿನ ಬಳಿಕ ಸಿಕ್ಕ ಪ್ರಶ್ನೆ.

ಅಲಾಸ್ಕಾದಲ್ಲಿ ಮರಿ ಮಾಡುವ ಗಾಡ್‌ವಿಟ್, ದಕ್ಷಿಣಕ್ಕೆ ಹೊರಡುವ ಮುನ್ನ ಮೈತೂಕದ ಸುಮಾರು ಅರ್ಧದಷ್ಟು ಕೊಬ್ಬು ಕೂಡಿಸಿಕೊಂಡು, ಭಾರ ತಗ್ಗಿಸಲು ಕರುಳು, ಯಕೃತ್ತುಗಳನ್ನು ಕುಗ್ಗಿಸಿಕೊಳ್ಳುತ್ತದೆ. 2022ರ ಅಕ್ಟೋಬರ್‌ನಲ್ಲಿ ಸುಮಾರು ಐದು ತಿಂಗಳ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾವರೆಗಿನ 13,560 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ 11 ದಿನಗಳಲ್ಲಿ ಕ್ರಮಿಸಿತು. ಇಳಿದು ಮೇಯತೊಡಗಿದರೆ ಕುಗ್ಗಿದ ಅಂಗಗಳು ಮತ್ತೆ ಬೆಳೆಯುತ್ತವೆ. ಹಕ್ಕಿ 20 ವರ್ಷ ದಾಟಿಯೂ ಬದುಕಬಲ್ಲದು.

ಆಂಟೆಕೈನಸ್‌ಗೆ ಆ ಮರುಪಾವತಿಯ ಅವಕಾಶವಿಲ್ಲ. ಚಳಿಗಾಲದ ಎರಡು ಮೂರು ವಾರಗಳ ಕೂಡುವ ಕಾಲದಲ್ಲಿ ಅದು ತನ್ನ ಸ್ನಾಯುಗಳನ್ನೇ ಕರಗಿಸಿ ಶಕ್ತಿ ಪಡೆಯುತ್ತದೆ. ಏರಿದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿಯದ ಕಾರಣ ರೋಗನಿರೋಧಕ ಶಕ್ತಿ ಕುಸಿದು, ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತ ಸೋರಿ, ಒಂದು ವರ್ಷ ತುಂಬುವ ಮೊದಲೇ ಸಾಯುತ್ತದೆ. ಒಂದೂ ಉಳಿಯುವುದಿಲ್ಲ.

ಅಲ್ಲಿಯೇ ನಾನು ಎಡವಿದ್ದು. ಸಾಯುವುದು ಗಂಡುಗಳು ಮಾತ್ರ. ಹೆಣ್ಣುಗಳು ಬದುಕಿ ಮರಿ ಸಾಕುತ್ತವೆ, ಕೆಲವು ಎರಡನೆಯ ವರ್ಷವೂ ಮರಿ ಹಾಕುತ್ತವೆ. ಹೆಣ್ಣೂ ಸತ್ತರೆ ಹಾಲೂಡುವವರು ಯಾರು ಎಂಬಷ್ಟು ಸರಳವಾದ ಸಂಗತಿ ನನಗೆ ಹೊಳೆದಿರಲಿಲ್ಲ. "ಗಂಡು" ಎಂಬ ಒಂದು ಪದ ಬಿಟ್ಟುಹೋದ ಫಲಕ ಅಚ್ಚಾಗಿ ಗೋಡೆಗೂ ಏರಿತ್ತು, ಅದನ್ನು ಹಿಡಿದದ್ದು ಶಾಲಾ ಹುಡುಗಿಯೊಬ್ಬಳು. ಮರುಮುದ್ರಣಕ್ಕೆ ಹಣವಿರಲಿಲ್ಲ. ಆ ಪದವನ್ನು ಚೀಟಿಯಲ್ಲಿ ಅಚ್ಚುಮಾಡಿಸಿ ನಾನೇ ಅಂಟಿಸಿದೆ. ಅದರ ಬಿಳುಪು ಫಲಕದ ಬಿಳುಪಿಗೆ ಇನ್ನೂ ಹೊಂದಿಲ್ಲ.